ಅಪ್ಪ ಒಡೆದ ಟೇಪ್‌ರೆಕಾರ್ಡರ್

ನಮ್ಮ ಹಾಸ್ಟೆಲಿನ ಟಿವಿ ಕೆಟ್ಟು ಬಹಳ ಕಾಲವಾಯಿತು. ಅದರ ಮೇಲೆ ಈಗ ಟವೆಲ್ ಒಣಗಿಸುತ್ತಾರೆ. ಹಾಗಾಗಿ ಕಾಮಾಲೆಯಿಂದ ಎದ್ದು ಮನೆಗೆ ಬಂದ ನಾನು ವಾರವಿಡೀ ಟಿವಿ ನೋಡಿದ್ದು ಅದೇ ಮೊದಲು. ಜಾಹೀರಾತಿನ ಅಡುಗೆಮನೆಗಳು ನಮ್ಮ ಮನೆಗಿಂತ ದೊಡ್ಡವು. ಧಾರಾವಾಹಿಯ ಅತ್ತೆಯಂದಿರು ಒಡವೆ ಹಾಕಿಕೊಂಡೇ ಮಲಗುತ್ತಾರೆ. ಸುದ್ದಿಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರೆ ಅದಕ್ಕೆ ಚರ್ಚೆ ಎನ್ನುತ್ತಾರೆ. ಇವು ಸುಳ್ಳೆಂದು ಎಲ್ಲರಿಗೂ ಗೊತ್ತು, ಆದ್ದರಿಂದ ಯಾರಿಗೂ ಅಪಾಯವಿಲ್ಲ.

ನಾವು ಕಾಯುತ್ತಿದ್ದದ್ದು ಸಂಜೆಯ ಹಾಡಿನ ಸ್ಪರ್ಧೆಗೆ. ಅದರಲ್ಲಿ ಅಕ್ಕ ಇದ್ದಳು.

ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ರಿಪೇರಿ ಅಂಗಡಿ. ಫ್ಯಾನು, ಮಿಕ್ಸಿ, ರೇಡಿಯೋ, ಏನು ತಂದರೂ ಆಗುತ್ತದೆ. ಅಕ್ಕನಿಗಾಗಿ ಅಪ್ಪ ಟಿವಿಯನ್ನು ರಸ್ತೆಯ ಕಡೆ ತಿರುಗಿಸಿದ್ದ. ಸೋಮವಾರ ಅವಳು ಹಾಡಿದಾಗ ಬೀದಿಯೇ ಚಪ್ಪಾಳೆ ತಟ್ಟಿತು.

ಮಂಗಳವಾರ ಅವಳ 'ಜೀವನದ ಕಥೆ' ತೋರಿಸಿದರು. ದಪ್ಪ ಮೀಸೆಯ ನಟನೊಬ್ಬ ಸುತ್ತಿಗೆ ಎತ್ತಿ ಟೇಪ್‌ರೆಕಾರ್ಡರ್ ಪುಡಿಮಾಡಿದ. ಪುಟ್ಟ ಹುಡುಗಿಯೊಬ್ಬಳು ಅತ್ತಳು. ಆಮೇಲೆ ಅಕ್ಕ ಕಣ್ಣೊರೆಸಿಕೊಂಡು ಹೇಳಿದಳು: "ನಾನು ಹಾಡೋದು ಅಪ್ಪನಿಗೆ ಆಗ್ತಿರಲಿಲ್ಲ. ನನ್ನ ಕಣ್ಣೆದುರೇ ಟೇಪ್‌ರೆಕಾರ್ಡರ್ ಒಡೆದು ಹಾಕಿದ್ರು."

ಮನೆಯಲ್ಲಿ ಅಪ್ಪನನ್ನು 'ಬಾರೋ ಅಪ್ಪ' ಎನ್ನುವವಳು ಅಲ್ಲಿ ಬಹುವಚನ ಬಳಸಿದ್ದಳು.

ಅಂಗಡಿಯಲ್ಲಿದ್ದವರೆಲ್ಲ ಅಪ್ಪನ ಕಡೆ ತಿರುಗಿದರು. ಅಪ್ಪ ಪರದೆಯನ್ನೇ ನೋಡುತ್ತಿದ್ದ. "ಸುತ್ತಿಗೆ ಹಿಡಿಯೋಕೇ ಬರಲ್ಲ ಅವನಿಗೆ. ಹಂಗೆ ಹೊಡೆದ್ರೆ ಬೆರಳು ಹೋಗುತ್ತೆ," ಎಂದು ಮತ್ತೆ ಬೆಸುಗೆಗೆ ಬಾಗಿದ. ಎದುರುಮನೆಯ ಇಸ್ತ್ರಿಯವನು ನಕ್ಕ. ಬೇರೆ ಯಾರೂ ನಗಲಿಲ್ಲ.

ಆ ಟೇಪ್‌ರೆಕಾರ್ಡರ್ ನಮ್ಮ ಅಡುಗೆಮನೆಯಲ್ಲಿದೆ. ಅಮ್ಮ ಅದರಲ್ಲೇ ರೇಡಿಯೋ ಕೇಳುತ್ತಾಳೆ. ಅಕ್ಕ ತನ್ನ ದನಿ ತಾನೇ ಕೇಳಿ ತಿದ್ದಿಕೊಳ್ಳಲಿ ಎಂದು ಅಪ್ಪ ಗುಜರಿಯಿಂದ ತಂದು ಜೋಡಿಸಿದ್ದು. ಅದು ಟೇಪು ನುಂಗಿದಾಗಲೆಲ್ಲ ಅವನು ಬಿಚ್ಚಿ ಕೂರುತ್ತಿದ್ದ, ಅಕ್ಕ ಪಕ್ಕದಲ್ಲಿ ಟಾರ್ಚ್ ಹಿಡಿಯುತ್ತಿದ್ದಳು.

ಮರುದಿನ ಅವಳ ಫೋನು ಬಂತು.

"ಯಾಕೇ ಹಂಗಂದೆ?" ಎಂದಳು ಅಮ್ಮ.

"ಹಾಡು ಎಲ್ಲರೂ ಹಾಡ್ತಾರಮ್ಮ. ಕಥೆ ಇಲ್ದಿದ್ರೆ ಓಟು ಬೀಳಲ್ಲ. ಒಬ್ಬಳಿಗೆ ಅಮ್ಮ ಇಲ್ಲ, ಒಬ್ಬನಿಗೆ ಮನೇನೇ ಇಲ್ಲ. ನಂಗೇನಿದೆ ಹೇಳು?"

"ನಿಂಗೆ ಅಪ್ಪ ಇದಾನೆ."

"ಇರೋದನ್ನೇ ತಾನೇ ಉಪಯೋಗಿಸಿಕೊಂಡಿದ್ದು!"

ನಾನು ಫೋನು ಕಿತ್ತುಕೊಂಡೆ. "ಒಡೆದಿದ್ದು ಯಾವುದೇ? ಈಗ ಒಳಗೆ ಹಾಡ್ತಿದೆಯಲ್ಲ, ಅದಾ?"

"ಬಂದ ನೋಡಪ್ಪ ದೊಡ್ಡ ಜಡ್ಜು. ಬಾಯ್ಮುಚ್ಕೊಂಡು ಅಪ್ಪನಿಗೆ ಕೊಡೋ."

ಭಾನುವಾರದ ನೇರಪ್ರಸಾರಕ್ಕೆ ಅಪ್ಪ ವೇದಿಕೆಗೆ ಬಂದು ಕ್ಷಮೆ ಕೇಳಬೇಕಂತೆ. ಬರದಿದ್ದರೆ ಅವಳು ಹೊರಗೆ.

"ಏನು ಹೇಳ್ಬೇಕು?" ಎಂದ ಅಪ್ಪ, ಬಲ್ಬಿನ ಬೆಲೆ ವಿಚಾರಿಸುವವನಂತೆ.

"ತಪ್ಪಾಯ್ತು ಅನ್ನು ಅಪ್ಪ, ಸಾಕು. ಮಿಕ್ಕಿದ್ದನ್ನ ಮ್ಯೂಸಿಕ್ಕು ನೋಡ್ಕೊಳ್ಳುತ್ತೆ."

ಅಷ್ಟರಲ್ಲಿ ಬೀದಿ ತನ್ನ ತೀರ್ಪು ಕೊಟ್ಟಾಗಿತ್ತು. ದರ್ಜಿಯ ಹೆಂಡತಿ ಮಿಕ್ಸಿ ಇಡುತ್ತಾ, "ನಿಧಾನಕ್ಕೆ ಮಾಡಿ ಅಣ್ಣ, ಸಿಟ್ಟು ಬಂದ್ರೆ ಸುತ್ತಿಗೆ ಮಾತ್ರ ತಗೋಬೇಡಿ," ಎಂದು ಕಿಸಕ್ಕನೆ ನಕ್ಕಳು. ಹಳೇ ಗಿರಾಕಿಯೊಬ್ಬ, ಅಪ್ಪ ಬಿಚ್ಚಿಟ್ಟಿದ್ದ ತನ್ನ ರೇಡಿಯೋವನ್ನು ಹಾಗೆಯೇ ಚೀಲಕ್ಕೆ ತುಂಬಿಕೊಂಡು ಹೋದ. ಅಪ್ಪ ಒಂದು ಸ್ಕ್ರೂ ಕೂಡ ಎಸೆದವನಲ್ಲ. ಇದು ಆ ಗಿರಾಕಿಗೂ ಗೊತ್ತಿತ್ತು.

"ನೀನು ಹೋಗ್ಬೇಡ," ಎಂದೆ. "ಹೋದ್ರೆ ಅದೇ ನಿಜ ಆಗುತ್ತೆ."

"ಹೋಗ್ದಿದ್ರೆ ಅವಳು ಸುಳ್ಳಿ ಆಗ್ತಾಳೆ."

"ಆಗಿದಾಳಲ್ಲ!"

"ಕಾಮಾಲೆ ಕಣ್ಣಿಗೆ ಎಲ್ಲಾ ಹಳದಿ ಕಣೋ. ಹೋಗಿ ಮಲ್ಕೋ."

ಶನಿವಾರ ಅಪ್ಪ ಬಸ್ಸು ಹತ್ತಿದ. ಇಸ್ತ್ರಿ ಮಾಡಿಸಿದ ಅಂಗಿ ಹಾಕಿದ್ದ.

ಭಾನುವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿರೂಪಕಿ ಅಪ್ಪನ ಕೈಗೆ ಒಡೆದ ಟೇಪ್‌ರೆಕಾರ್ಡರ್ ಒಂದನ್ನು ಕೊಟ್ಟಳು. ಎಲ್ಲಿಂದಲೋ ತಂದು ಒಡೆದಿದ್ದು. ಅಪ್ಪ "ತಪ್ಪಾಯ್ತು ಮಗಳೇ," ಎಂದ. ಆಮೇಲೆ ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲವೇನೋ. ಕೈಯಲ್ಲಿದ್ದುದರ ಒಳಗೆ ಇಣುಕಿದ. ಮುಚ್ಚಳ ಜೋತಾಡುತ್ತಿತ್ತು, ಸ್ಪ್ರಿಂಗು ಕಳಚಿತ್ತು. ಬೆರಳುಗಳು ತಾವಾಗಿಯೇ ಅತ್ತ ಹೋದವು.

ಕ್ಯಾಮೆರಾ ಬೆರಳುಗಳ ಮೇಲೇ ನಿಂತಿತು. ಪಿಟೀಲು ಶುರುವಾಯಿತು.

"ನೋಡಿ, ಆ ಕೈ ಹೇಗೆ ನಡುಗ್ತಿದೆ! ಪಶ್ಚಾತ್ತಾಪ ಅಂದ್ರೆ ಇದು," ಎಂದು ತೀರ್ಪುಗಾರ್ತಿ ಕರವಸ್ತ್ರ ತೆಗೆದಳು.

ಕೈ ನಡುಗುತ್ತಿರಲಿಲ್ಲ. ಅಪ್ಪ ಸ್ಪ್ರಿಂಗು ಸಿಕ್ಕಿಸುತ್ತಿದ್ದ. ಇಡೀ ಸಭಾಂಗಣದಲ್ಲಿ ಅದು ಗೊತ್ತಿದ್ದವಳು ಒಬ್ಬಳೇ, ಟಾರ್ಚ್ ಹಿಡಿದು ಬೆಳೆದವಳು. ಅವಳು ಓಡಿಬಂದು ಅಪ್ಪನನ್ನು ತಬ್ಬಿಕೊಂಡಳು. ಅವನ ಕೈಯಲ್ಲಿದ್ದ ಪೆಟ್ಟಿಗೆ ಕೆಳಗೆ ಬಿತ್ತು. ಅವಳು ಕ್ಯಾಮೆರಾ ಕಡೆ ನೋಡಿದಳು, ಅಪ್ಪ ನೆಲದ ಕಡೆ.

ಅಕ್ಕ ಮುಂದಿನ ಸುತ್ತಿಗೆ ಹೋದಳು.

"ಕೊನೆಗಾದ್ರೂ ಬುದ್ಧಿ ಬಂತಲ್ಲ ಪುಣ್ಯಾತ್ಮನಿಗೆ," ಎಂದು ಇಸ್ತ್ರಿಯವನು ಕಣ್ಣೊರೆಸಿಕೊಂಡ. ಅವನ ಇಸ್ತ್ರಿಪೆಟ್ಟಿಗೆಯ ತಂತಿ ಪ್ರತಿ ಸಲ ಸುಟ್ಟಾಗಲೂ ಬದಲಾಯಿಸಿಕೊಟ್ಟವನು ಅಪ್ಪ. ನಾನು ಟಿವಿ ಆರಿಸಿ ಎಲ್ಲರನ್ನೂ ಹೊರಗೆ ಕಳಿಸಿದೆ.

ಬೆಳಿಗ್ಗೆ ಅಪ್ಪ ಬಂದ. ಬೀದಿಯಲ್ಲಿ ಇಬ್ಬರು ಬೆನ್ನು ತಟ್ಟಿ, ಒಳ್ಳೇದಾಯ್ತು ಅಂದರಂತೆ. ಅಮ್ಮ ಕಾಫಿ ಲೋಟ ಅವನ ಮುಂದಿಟ್ಟು, ಎಂದಿನಂತೆ ಆ ಟೇಪ್‌ರೆಕಾರ್ಡರಿನಲ್ಲೇ ರೇಡಿಯೋ ಹಾಕಿದಳು. ಅಪ್ಪ ತಟ್ಟನೆ ತಲೆಯೆತ್ತಿದ.

"ಅದನ್ನ ಆರಿಸೇ. ರಸ್ತೆಗೆ ಕೇಳಿಸುತ್ತೆ."