ಬೊಂಗ್ನಿಮ್ ಅಕ್ಕನ ಗಾಡಿ ತಡವರಿಸಿದ್ದು

ನಮ್ಮ ಬೊಂಗ್ನಿಮ್ ಅಕ್ಕನಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳಿದವನು ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಆದರೂ ಅಷ್ಟೆ.

ದೇಗ್ವಾಲ್ಯೊಂಗ್ ಘಾಟಿಯಲ್ಲಿ ಲಾರಿ ಉರುಳಿ ಅವಳ ಗಂಡ ತೀರಿಕೊಂಡಾಗ, ಇವರ ಮೀನು ಒಣಗಿಸುವ ಅಂಗಳ ಇನ್ನು ಮುಚ್ಚಿದ ಹಾಗೆಯೇ ಎಂದು ಘಾಟಿಯ ಮೇಲಿನ ನಮ್ಮೂರು ಹ್ವೆಂಗ್ಯೆಯ ಜನ ಮಾತಾಡಿಕೊಂಡರು. ಅಕ್ಕ ಮುಂದಿನ ಚಳಿಗಾಲಕ್ಕೆ ಇನ್ನೊಂದು ಲಾರಿ ತಂದಳು. ಜುಮುಂಜಿನ್ ಬಂದರಿನಲ್ಲಿ ಮೀನು ತುಂಬಿಸಿಕೊಂಡು, ಹಿಮ ಸುರಿಯುತ್ತಿರುವಾಗ, ಗಂಡನನ್ನು ನುಂಗಿದ ಅದೇ ತಿರುವುಗಳನ್ನು ಹತ್ತಿ ಬಂದಳು. ಪಕ್ಕದಲ್ಲಿ ಕೂತಿದ್ದ ನಾನು, ಅವಳ ಆಳು, ಕಣ್ಣು ಮುಚ್ಚಿಕೊಂಡಿದ್ದೆ.

"ಲೋ ಚಿಲ್ಬೊಕ್, ಕಣ್ಣು ಬಿಡೋ. ಸತ್ರೆ ನೋಡ್ಕೊಂಡೇ ಸಾಯೋಣ," ಎಂದಳು.

ಆಮೇಲೆ ನನಗೂ ಗೇರು ಹಾಕುವುದನ್ನು ಕಲಿಸಿದಳು. ಅವಳ ಹಾಗೆ ಓಡಿಸುವುದನ್ನು ಮಾತ್ರ ಇಂದಿಗೂ ಕಲಿಯಲಾಗಿಲ್ಲ. ಅವಳ ಅತ್ತೆಯೋ, ಮಗ ಹೋದಂದಿನಿಂದ ಯಾವ ಗಾಡಿಯನ್ನೂ ಹತ್ತಿಲ್ಲ. ಈಗ ಹಣ್ಣು ಹಣ್ಣು ಮುದುಕಿ. ಪೇಟೆಗೆ ನಡೆದು ಹೋದರೆ ಹೋದಳು, ಇಲ್ಲದಿದ್ದರೆ ಇಲ್ಲ.

ಕಳೆದ ಶರತ್ಕಾಲದಲ್ಲಿ ಅಕ್ಕ ಲಾರಿಯನ್ನು ನನ್ನ ಕೈಗೆ ಕೊಟ್ಟು, ತನಗಾಗಿ ಒಂದು ದೊಡ್ಡ ಕಪ್ಪು ಗಾಡಿ ತಂದಳು. "ಇಷ್ಟು ವರ್ಷ ಮೀನಿನ ವಾಸ್ನೇಲಿ ಕೂತೆ. ಇನ್ಮೇಲೆ ಚರ್ಮದ ಸೀಟಲ್ಲಿ ಕೂರ್ತೀನಿ, ಏನೀಗ?" ಎಂದಳು. ಅಬ್ಬಾ, ಏನು ಗಾಡಿ ಅದು! ಕ್ಲಚ್ಚಿಲ್ಲ, ಗೇರು ತಾನೇ ಬದಲಾಗುತ್ತದೆ. ಬಾಗಿಲು ಹಾಕಿದರೆ ಹೊರಗಿನ ಗಾಳಿಯ ಸದ್ದೂ ಕೇಳಿಸದು. ಸೀಟು ಬೆಚ್ಚಗಾದಾಗ ನನಗಂತೂ ಇಳಿಯಲು ಮನಸ್ಸೇ ಬರಲಿಲ್ಲ.

ಮೀನು ಒಣಹಾಕುವ ಅಟ್ಟಣೆಗಳ ನಡುವೆ ನಿಲ್ಲಿಸಿ ಪೂಜೆ ಮಾಡಿದೆವು. ಹಂದಿ ತಲೆ ಇಟ್ಟು, ಚಕ್ರಗಳಿಗೆ ಅಕ್ಕಿ ಹೆಂಡ ಸುರಿದು, ಎಲ್ಲರೂ ಅಡ್ಡಬಿದ್ದೆವು. ಬಿಳಿ ನೂಲು ಸುತ್ತಿದ ಒಣಮೀನನ್ನು ಗಾಡಿಯೊಳಗೆ ಇಡುವ ಕೆಲಸ ಮುದುಕಿಯದು. ಕಣ್ಣು ಮುಚ್ಚದ ಪ್ರಾಣಿ ಅದು, ಹಗಲೂ ರಾತ್ರಿ ಗಾಡಿಯನ್ನು ಕಾಯುತ್ತದೆ.

"ಎಲ್ರೂ ಆ ಕಡೆ ತಿರುಗಿ. ಇಟ್ಟ ಮೇಲೆ ಯಾರೂ ಹುಡುಕ್ಬಾರ್ದು," ಎಂದಳು ಮುದುಕಿ. ತಿರುಗಿ ನಿಂತೆವು. ಎಲ್ಲಿಟ್ಟಳೆಂದು ನಾವು ಕೇಳಲೂ ಇಲ್ಲ, ಹುಡುಕಲೂ ಇಲ್ಲ.

ಆ ಗಾಡಿಗೆ ಅಕ್ಕ ಮಾಡಿದ ಉಪಚಾರ ಒಂದೆರಡಲ್ಲ. ಕಂಪನಿಯ ಚಾಪೆಯ ಮೇಲೆ ಇನ್ನೊಂದು ದಪ್ಪ ಚಾಪೆ ಹಾಸಿದಳು. ಬೂಟು ಕಳಚಿ ಉಣ್ಣೆ ಕಾಲುಚೀಲದಲ್ಲೇ ಓಡಿಸಿದಳು. ಹತ್ತುವವರೂ ಬೂಟು ಬಿಚ್ಚಬೇಕು. ಅವಳ ಸೀಟಿನಲ್ಲಿ ಮಾತ್ರ ಯಾರೂ ಕೂರುವಂತಿಲ್ಲ. "ಇದೇನಕ್ಕ, ಗಾಡೀನೋ ದೇವರ ಮನೇನೋ?" ಎಂದು ಕೇಳಿದರೆ, "ಮೊದ್ಲು ಕಾಲು ತೊಳ್ಕೊಂಡು ಬಾ, ಆಮೇಲೆ ಹೇಳ್ತೀನಿ," ಎನ್ನುತ್ತಿದ್ದಳು.

ಅಂಥ ಗಾಡಿ ಮೊದಲ ವಾರದಿಂದಲೇ ತಡವರಿಸತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಹೋಗಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸುವುದು, ಆಮೇಲೆ ಒಮ್ಮೆಲೇ ಹಾರುವುದು. ಅಕ್ಕ ಮೊದಮೊದಲು ನಕ್ಕಳು. "ದೊಡ್ಡ ಮನೆತನದ ಹೆಣ್ಣು ಕಣೋ. ಕರೆದ ತಕ್ಷಣ ಎದ್ದು ಬರ್ತಾಳಾ?"

ವೊಂಜು ನಗರದಿಂದ ಮಗ ಇಂಜೆ ಬಂದ ದಿನ ಮಾತ್ರ ನಗುವ ಹಾಗಿರಲಿಲ್ಲ. ಅವನನ್ನು ಕೂರಿಸಿಕೊಂಡು ಹೆದ್ದಾರಿಗೆ ಸೇರುವಾಗ ಗಾಡಿ ಹಾಗೇ ಯೋಚಿಸುತ್ತಾ ಉಳಿಯಿತು. ಹಿಂದಿನಿಂದ ಬಂದ ಲಾರಿಯೊಂದು ಹಾರ್ನ್ ಹಾಕುತ್ತಾ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಹೋಯಿತು. ಘಾಟಿಯ ಕೆಳಗಿನ ಗಂಗ್ನಂಗ್‌ನ ಸರ್ವಿಸ್ ಕೇಂದ್ರಕ್ಕೆ ಅವರದೇ ಲಾರಿಯ ಮೇಲೆ ಹೇರಿ ಗಾಡಿ ಕಳಿಸಿದೆವು. ಗೇರ್‌ಬಾಕ್ಸಿನಲ್ಲಿ ದೋಷವಿಲ್ಲ ಎಂದರು. ಮತ್ತೆ ಕಳಿಸಿದೆವು. ದೋಷವಿಲ್ಲ, ವಯಸ್ಸಾದವರು ಓಡಿಸುವಾಗ ಹಾಗನ್ನಿಸುವುದುಂಟು ಎಂದರು.

"ಅಮ್ಮಾ, ತಡವರಿಸ್ತಿರೋದು ಗಾಡಿ ಅಲ್ಲ, ನಿನ್ನ ಕಾಲು," ಎಂದ ಇಂಜೆ. "ಲೈಸೆನ್ಸ್ ವಾಪಸ್ ಕೊಟ್ಬಿಡು. ಊರಲ್ಲಿ ವಯಸ್ಸಾದೋರು ಎಷ್ಟು ಜನ ಕೊಟ್ಟಿಲ್ಲ?"

"ಲೇ, ನೀನು ತೊಟ್ಟಿಲಲ್ಲಿದ್ದಾಗ್ಲೇ ಆ ಕಾಲು ಘಾಟಿಗೆ ಲಾರಿ ಹತ್ತಿಸಿತ್ತು ಕಣೋ!" ಎಂದು ನಾನು ಕೂಗಾಡಿದೆ. ಅಕ್ಕ ಎರಡು ದಿನ ಮೊಣಕಾಲು ನೀವಿಕೊಳ್ಳುತ್ತಾ ಒಲೆಯ ಮುಂದೆ ಕೂತಿದ್ದಳು. ಆಮೇಲೆ, "ಇರ್ಬೋದು ಚಿಲ್ಬೊಕ್. ನನಗೆ ಗೊತ್ತಿಲ್ದೇನೇ ಕಾಲಿಗೆ ಭಯ ಹತ್ತಿರ್ಬೋದು. ನಾಳೆ ಕಚೇರಿಗೆ ಹೋಗಿ ಲೈಸೆನ್ಸ್ ಕೊಟ್ಬಿಡ್ತೀನಿ. ಗಾಡಿ ಇಂಜೆಗಿರ್ಲಿ, ಕೊಡೋ ಮೊದ್ಲು ಕೊನೇ ಸಲ ಸರ್ವಿಸ್‌ಗೆ ತೋರಿಸ್ಕೊಂಡು ಬಾ," ಎಂದು ಬೀಗದ ಕೈ ನನ್ನೆದುರು ಇಟ್ಟಳು. ಸಾವಿಗೇ ಸೊಪ್ಪು ಹಾಕದವಳು ಹೀಗೆ ಕುಗ್ಗಿಬಿಟ್ಟಿದ್ದಳು. ಬೀಗದ ಕೈ ಎತ್ತಿಕೊಂಡೆ.

ಮರುದಿನ ಬೆಳಗಾಗುತ್ತಲೇ ಬೂಟು ಬಿಚ್ಚಿ, ಮೊದಲ ಬಾರಿ ಅವಳ ಸೀಟಿನಲ್ಲಿ ಕೂತೆ. ಹೆದ್ದಾರಿಗೆ ಸೇರುವಾಗ ಒತ್ತಿದೆ. ಗಾಡಿ ಯೋಚಿಸಿತು, ಆಮೇಲೆ ಹಾರಿತು. ನನ್ನ ಕಾಲಿಗೂ ಹಾಗೆಯೇ! ಜೀವ ಹೋಗುವಂತಿದ್ದರೂ ಖುಷಿಯಿಂದ ಸ್ಟಿಯರಿಂಗನ್ನು ಗುದ್ದಿದೆ.

ಕೇಂದ್ರದಲ್ಲಿ ಪ್ಯೊ ಎಂಬ ವಿನಯವಂತ ಮೆಕ್ಯಾನಿಕ್ ಸೊಂಟ ಬಗ್ಗಿಸಿ ನಮಸ್ಕರಿಸಿದ. "ಈ ಸಲ ನನ್ನ ಕಣ್ಣೆದುರಿಗೇ ನೋಡು," ಎಂದು ಪಕ್ಕದಲ್ಲೇ ನಿಂತೆ. ಅವನು ಬಿಳಿ ಕೈಗವಸು ಹಾಕಿಕೊಂಡು ಮಂಡಿಯೂರಿದ. ಪೆಡಲಿನ ಕೆಳಗಿನ ಎರಡೂ ಚಾಪೆ ಎತ್ತಿ, ಏನನ್ನೋ ಎರಡೂ ಕೈಯಲ್ಲಿ ಹೊರತೆಗೆದು, ಮೇಜಿನ ಮೇಲೆ ಶುಭ್ರ ಬಟ್ಟೆ ಹಾಸಿ ಮಲಗಿಸಿದ. ನೂಲು ಸುತ್ತಿದ ಒಣಮೀನು!

"ಏ, ಏನದು?"

"ನಿಮ್ಮ ಮನೆ ಪೂಜೆ ಮೀನು ಸರ್. ಬೇರೆಯವ್ರ ಮೀನಿನ ಮೇಲೆ ಕಾಲಿಟ್ಟು ಓಡಿಸೋಕಾಗತ್ತಾ? ಹೋದ ಸಲಾನೂ ತೆಗ್ದಿಟ್ಟು, ಓಡಿಸಿ ನೋಡಿ, ಹೇಗಿತ್ತೋ ಹಾಗೇ ವಾಪಸ್ ಇಟ್ಟಿದ್ದೆ. ತಲೆ ಕೂಡ ಅದೇ ದಿಕ್ಕಿಗೆ."

"ಅಯ್ಯೋ, ನಿನ್ನ ಭಕ್ತಿಗಿಷ್ಟು ಬೆಂಕಿ ಹಾಕ! ಪೆಡಲ್ ಕೆಳಗೆ ಮೀನಿದ್ರೆ ಗಾಡಿ ಹೇಗಯ್ಯಾ ಓಡತ್ತೆ?"

ಪ್ಯೊ ಒಮ್ಮೆ ಮೀನನ್ನು ನೋಡಿದ, ಒಮ್ಮೆ ಪೆಡಲನ್ನು ನೋಡಿದ. ಅವನ ಕಿವಿಗಳು ಕೆಂಪಾದವು. ಒತ್ತಿದಾಗ ಮೀನು ತಡೆಯುವುದು, ಆಮೇಲೆ ಬಗ್ಗುವುದು, ಪೆಡಲ್ ದಡಕ್ಕನೆ ಇಳಿಯುವುದು. ಇಷ್ಟೇ ರೋಗ. ಬೈಯುವುದೇನೋ ಬೈದೆ. ಆದರೆ ಅವನ ಜಾಗದಲ್ಲಿದ್ದಿದ್ದರೆ ನಾನೂ ವಾಪಸ್ಸೇ ಇಡುತ್ತಿದ್ದೆ. ಇನ್ನೊಬ್ಬರ ಮನೆ ಕಾಯುವ ಮೀನನ್ನು ಎಸೆಯುವ ಧೈರ್ಯ ಯಾರಿಗಿದೆ?

ಘಾಟಿ ಹತ್ತಿ ವಾಪಸ್ಸು ಬರುವಾಗ ಗಾಡಿ ಬೆಣ್ಣೆಯ ಹಾಗೆ ನಡೆಯಿತು. ಅಂಗಳದಲ್ಲಿ ಅಕ್ಕ ಒಳ್ಳೆಯ ಕೋಟು ಹಾಕಿಕೊಂಡು ಕಚೇರಿಗೆ ಹೊರಟು ನಿಂತಿದ್ದಳು. ಇಂಜೆ ಪಕ್ಕದಲ್ಲಿದ್ದ. ಮುದುಕಿ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಮೀನನ್ನು ಎತ್ತಿ ಹಿಡಿದೆ.

"ಅಕ್ಕಾ, ನಿನ್ನ ಕಾಲಲ್ಲ, ಇದು! ಪೆಡಲ್ ಕೆಳಗಿತ್ತು!"

ಅಕ್ಕ ಮೀನನ್ನು ನೋಡಿ ಅತ್ತೆಯ ಕಡೆ ತಿರುಗಿದಳು. ಇಂಜೆಗೆ ಮಾತ್ರ ತಡೆಯಲಾಗಲಿಲ್ಲ. "ಏನಜ್ಜಿ ಇದು! ಅಲ್ಲಿ ಯಾರಾದ್ರೂ ಇಡ್ತಾರಾ?"

"ಮತ್ತೆಲ್ಲಿಡ್ಲಿ?" ಎಂದಳು ಮುದುಕಿ ಖಾರವಾಗಿ. "ನಿಮ್ಮಪ್ಪನ ಲಾರೀಲಿ ಹಿಂದೆ ಇಟ್ಟಿದ್ದೆ. ಹಿಂದೆ ಬಿದ್ಕೊಂಡು ಅದಕ್ಕೇನು ರಸ್ತೆ ಕಂಡಿತು? ಅದಕ್ಕೆ ಈ ಸಲ ಇವಳ ಕಾಲ ಹತ್ರ, ತಲೆ ರಸ್ತೆ ಕಡೆ ಮಾಡಿ ಇಟ್ಟೆ. ಮಗನನ್ನ ಕಾಯ್ಲಿಲ್ಲ, ಸೊಸೇನಾದ್ರೂ ಕಾಯ್ಲಿ ಅಂತ."

ಗಂಡ ಸತ್ತ ದಿನ ನಾಲ್ಕು ಜನರೆದುರು ಕಣ್ಣೀರು ಹಾಕದ ನಮ್ಮಕ್ಕ ಅಂಗಳದಲ್ಲಿ ನಿಂತು ಗಳಗಳನೆ ಅತ್ತಳು. ಮೂಗು ಒರೆಸಿಕೊಂಡು ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅತ್ತೆ, ಕಾಲ ಹತ್ರ ಬೇಡ. ಬೇರೆ ಎಲ್ಲಿಡೋಣ, ನೀವೇ ಹೇಳಿ."

ಮುದುಕಿ ಗಾಡಿಯನ್ನು ಬಹಳ ಹೊತ್ತು ನೋಡಿದಳು. "ಮುಂದೆ ಇಟ್ರೆ ಜಾರತ್ತೆ. ಹಿಂದೆ ನಾನಿಡಲ್ಲ. ಯಾರಾದ್ರೂ ಹಿಡ್ಕೊಂಡೇ ಕೂರ್ಬೇಕು."

"ಯಾರು ಹಿಡ್ಕೋತಾರೆ?"

ಮುದುಕಿ ಎದ್ದಳು. ಗಾಡಿಯ ಹತ್ತಿರ ಬಂದು, ತನ್ನ ರಬ್ಬರ್ ಚಪ್ಪಲಿಗಳನ್ನು ನೆಲದಲ್ಲಿ ಜೋಡಿಸಿಟ್ಟು, ನನ್ನ ಭುಜ ಹಿಡಿದು ಮುಂದಿನ ಸೀಟಿಗೆ ಹತ್ತಿದಳು. ಮೀನನ್ನು ನನ್ನ ಕೈಯಿಂದ ಕಿತ್ತುಕೊಂಡು, ತಲೆಯನ್ನು ರಸ್ತೆಯ ಕಡೆ ಮಾಡಿ ತೊಡೆಯ ಮೇಲಿಟ್ಟುಕೊಂಡಳು. ಅಕ್ಕ ಬೂಟು ಕಳಚಿ ತನ್ನ ಸೀಟಿಗೆ ಹತ್ತಿದಳು. ಹಿಂದೆ ನಾನೂ ಇಂಜೆಯೂ ಕಾಲುಚೀಲದಲ್ಲಿ ಕೂತೆವು.

ಕಚೇರಿಗೆ ತಿರುಗುವ ದಾರಿ ಬಂತು, ಹೋಯಿತು.

"ಅಮ್ಮಾ, ಲೈಸೆನ್ಸು?" ಎಂದ ಇಂಜೆ ಮೆಲ್ಲಗೆ.

"ಜೇಬಲ್ಲಿದೆ. ಪೊಲೀಸ್ರು ಕೇಳಿದ್ರೆ ತೋರಿಸ್ತೀನಿ."

ಹೆದ್ದಾರಿಗೆ ಸೇರುವ ಜಾಗ ಬಂದಾಗ ದೂರದಲ್ಲಿ ಒಂದು ಲಾರಿ ಕಾಣಿಸಿತು. ಬೇಕಾದಷ್ಟು ಅಂತರವಿತ್ತು. ಆದರೂ ಅಕ್ಕನ ಕಾಲು ಅಳುಕಿತು. ಈ ಸಲ ತಡವರಿಸಿದ್ದು ಗಾಡಿಯಲ್ಲ, ಅದು ನಮಗೆಲ್ಲ ಗೊತ್ತಾಯಿತು. ಮುದುಕಿ ಲಾರಿಯನ್ನು ನೋಡಿದಳು, ಮೀನನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡಳು.

"ಒತ್ತೇ," ಎಂದಳು. "ನಾನು ನೋಡ್ತಾ ಇದ್ದೀನಿ."

ಅಕ್ಕ ಒತ್ತಿದಳು.