ಉಪ್ಪು ಎಲ್ಲಿದೆ ಅಂತ ಕೇಳಿದರೆ

ಎಂಟು ವರ್ಷದಿಂದ ಅವಳು ಆ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದಳು. ಎಲ್ಲರ ಬಾಯಲ್ಲೂ ಪಾತ್ರೆ ಅಕ್ಕ. ಅವಳ ತೊಟ್ಟಿಗೂ ಊಟದ ಕೋಣೆಗೂ ನಡುವೆ ಇದ್ದದ್ದು ಒಂದೇ ಬಾಗಿಲು, ಆದರೂ ಉಣ್ಣುವವರ ಒಂದು ಮುಖವನ್ನೂ ಅವಳು ನೆಟ್ಟಗೆ ಕಂಡವಳಲ್ಲ. ಕಂಡದ್ದು ಬರೀ ಎಂಜಲು ತಟ್ಟೆ. ಬಟಾಣಿಯನ್ನೆಲ್ಲ ಆರಿಸಿ ಅಂಚಿಗೆ ಸಾಲಾಗಿ ಜೋಡಿಸುವವರು ಯಾರು? ಪ್ರತಿ ಗುರುವಾರ ಅರ್ಧ ಕೇಕು ಮುಟ್ಟದೆ ಬಿಡುವವರು ಯಾರಿಗಾಗಿ ಬಿಡುತ್ತಾರೆ? ತಲೆಗೆ ಇಂಥ ಹುಳ ಬಿಟ್ಟುಕೊಂಡು ಮನೆಗೆ ಹೋಗಿ ಗಂಡನ ತಲೆ ತಿನ್ನುತ್ತಿದ್ದಳು.

ಹಾಗಾಗಿ ಬಡಿಸುವವನೊಬ್ಬ ಕೆಲಸ ಬಿಟ್ಟದ್ದೇ ತಡ, ಆ ಜಾಗ ತನಗೆ ಬೇಕೆಂದು ಯಜಮಾನಿಯ ಮುಂದೆ ಹೋಗಿ ನಿಂತೇಬಿಟ್ಟಳು.

"ಇಲ್ಲಿ ಬರೋರಲ್ಲಿ ಅರ್ಧ ಜನ ಫ್ರೆಂಚ್ ಮಾತಾಡೋರು," ಎಂದಳು ಯಜಮಾನಿ. "ಆರ್ಡರ್ ಕೊಡ್ತಾ ಕೊಡ್ತಾನೇ ಉಪ್ಪೆಲ್ಲಿ, ಚಮಚ ಎಲ್ಲಿ ಅಂತ ಕೇಳ್ತಾರೆ. ಒಂದು ವಾರ ಟೈಮ್ ಕೊಡ್ತೀನಿ, ಕಲಿತ್ಕೊಂಡು ಬನ್ನಿ. ನಾನೇ ಗಿರಾಕಿ ಥರ ಕೂತು ಕೇಳ್ತೀನಿ. ಆಗಲಿಲ್ಲ ಅಂದ್ರೆ ಹೊರಗಿನವರನ್ನ ತಗೋತೀನಿ, ಬೇಜಾರು ಮಾಡ್ಕೋಬಾರದು."

ಗಂಡ ಬೀಗ ರಿಪೇರಿ ಮಾಡುವವನು. ಫೋನಿನಲ್ಲಿ ಪಾಠ ಹಚ್ಚಿ, ಭಾರಿ ಗಿರಾಕಿಯ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತ. "ಊ ಎ ಲ ಸೆಲ್?" ಎಂದ. ಉಪ್ಪು ಎಲ್ಲಿದೆ ಅಂತ. ಅವಳು ಮನೆಯ ಮೇಜು ನೋಡಿ ಫ್ರೆಂಚಿನಲ್ಲೇ ಹೇಳುವಳು: ಉಪ್ಪು ಬ್ರೆಡ್ಡಿನ ಎಡಕ್ಕೆ. ಚಮಚ ಕರವಸ್ತ್ರದ ಕೆಳಗೆ. ಚಾಕು ಲೋಟದ ಹಿಂದೆ. ಟಾಯ್ಲೆಟ್ ಎಡಗಡೆ. ಏಳು ದಿನವೂ ಅದೇ ಮೇಜು, ಅದೇ ಜಾಗ. ನಾಲ್ಕು ವಾಕ್ಯ ನೀರು ಕುಡಿದಷ್ಟು ಸಲೀಸಾದವು. ಉಪ್ಪು ಬೇರೆ ಕಡೆ ಇದ್ದರೆ ಗತಿಯೇನು ಎಂದು ಆ ಮಹಾರಾಯನಿಗೂ ಹೊಳೆಯಲಿಲ್ಲ, ಇವಳಿಗೂ ಹೊಳೆಯಲಿಲ್ಲ.

ಪರೀಕ್ಷೆಯ ದಿನ ಹೋಟೆಲು ತೆರೆಯುವ ಮೊದಲೇ ಯಜಮಾನಿ ಕಿಟಕಿ ಪಕ್ಕದ ಮೇಜಿಗೆ ಕೂತಳು. ತಮಾಷೆ ನೋಡಲು ಅಡುಗೆಯವನೂ ಸೌಟು ಹಿಡಿದೇ ಬಂದ. ಯಜಮಾನಿ ಸೂಪ್ ಕೇಳಿ, ಮರುಕ್ಷಣವೇ "ಊ ಎ ಲ ಸೆಲ್?" ಎಂದಳು.

ಅಯ್ಯೋ ದೇವರೇ! ಉಪ್ಪು ಬ್ರೆಡ್ಡಿನ ಬಲಕ್ಕಿತ್ತು. ಬಲಕ್ಕೆ ಏನನ್ನುತ್ತಾರೋ ಯಾರಿಗೆ ಗೊತ್ತು! ಆದರೂ ಅವಳ ಕೈ ಸುಮ್ಮನಿರಲಿಲ್ಲ. ಉಪ್ಪಿನ ಡಬ್ಬಿ ಎತ್ತಿ ಬ್ರೆಡ್ಡಿನ ಎಡಕ್ಕಿಟ್ಟು, ಆಮೇಲೆ ವಾಕ್ಯವನ್ನು ಚೊಕ್ಕವಾಗಿ ಹೇಳಿದಳು. ಚಮಚ ಕೇಳಿದಾಗ ಅದನ್ನು ಮೆಲ್ಲಗೆ ಕರವಸ್ತ್ರದ ಕೆಳಗೆ ತಳ್ಳಿದಳು. ಚಾಕು ಲೋಟದ ಹಿಂದೆ ಹೋಯಿತು. ಅಡುಗೆಯವನು ಬಾಯಿಗೆ ಟವೆಲು ತುರುಕಿಕೊಂಡ.

ಕೊನೆಗೆ ಟಾಯ್ಲೆಟ್ ಎಲ್ಲಿ ಎಂಬ ಪ್ರಶ್ನೆ ಬಂತು. ಅದು ಅವಳ ಬಲಗಡೆ ಗೋಡೆಗೆ ಅಂಟಿಕೊಂಡಿತ್ತು. ಅದನ್ನೇನು ಎತ್ತಿಡಲಾಗುತ್ತದೆಯೇ? ಅವಳು ಮೇಜು ಸುತ್ತಿ ಬಂದು, ಯಜಮಾನಿಯ ಕುರ್ಚಿಯ ಪಕ್ಕದಲ್ಲಿ, ಅವಳು ನೋಡುತ್ತಿದ್ದ ಕಡೆಗೇ ಮುಖ ಮಾಡಿ ನಿಂತಳು. ಈಗ ಅದು ಎಡಕ್ಕೆ ಬಂತು. "ಆ ಗೋಶ್," ಎಂದಳು. ಎಡಗಡೆ.

ಯಜಮಾನಿ ತಿರುಗಿ ನೋಡಿದಳು. "ಇಷ್ಟು ವರ್ಷದಲ್ಲಿ ಹೀಗೆ ಗಿರಾಕಿ ಪಕ್ಕ ಬಂದು ನಿಂತು ಹೇಳಿದವರು ನೀವೇ ಮೊದಲು. ಬೇರೆಯವರೆಲ್ಲ ಎದುರಿಗೆ ನಿಂತು ತಮ್ಮ ಕೈ ಲೆಕ್ಕದಲ್ಲಿ ಹೇಳಿ, ಗಿರಾಕೀನ ಉಗ್ರಾಣಕ್ಕೆ ಕಳಿಸ್ತಾರೆ."

ಹೊಗಳಿಕೆ ನುಂಗಿಕೊಂಡು ಸುಮ್ಮನಿರಬಹುದಿತ್ತು. ಆದರೆ ಅವಳಿಗೆ ಮುಖ ಉರಿಯಿತು. "ಸುಳ್ಳು ಯಾಕೆ ಹೇಳ್ಲಿ, ಮೇಡಂ? ನಂಗೆ ಬರೋದು ನಾಲ್ಕೇ ಮಾತು. ಅದೂ ನಮ್ಮನೆ ಮೇಜಿಂದು," ಎಂದುಬಿಟ್ಟಳು. ಹೇಳಿದ ಮೇಲೆ, ಕೈಗೆ ಬಂದದ್ದನ್ನು ತಾನೇ ಕಳೆದುಕೊಂಡೆನಲ್ಲ ಎಂದುಕೊಂಡಳು.

ಯಜಮಾನಿ ನಗಲಿಲ್ಲ. ಫ್ರೆಂಚಿನಲ್ಲೇ ನಿಧಾನವಾಗಿ ಇನ್ನೇನೋ ಕೇಳಿದಳು. ಪಾಠದಲ್ಲಿ ಇಲ್ಲದ ಪ್ರಶ್ನೆ. ಪಾತ್ರೆ ಅಕ್ಕನಿಗೆ ಸಿಕ್ಕಿದ್ದು ಎರಡೇ ತುಣುಕು: ಊ ಅಂದರೆ ಎಲ್ಲಿ, ವೂ ಅಂದರೆ ನೀವು. ನೀವು ಎಲ್ಲಿ? ಎಲ್ಲಿದ್ದಿರಿ ಅಂತಲೋ ಏನೋ. ಅವಳು ಅಡುಗೆಮನೆಯ ಬಾಗಿಲ ಕಡೆ ಕೈ ತೋರಿಸಿದಳು.

"ಲಾ," ಎಂದಳು. ಅಲ್ಲಿ. "ಎಂಟು ವರ್ಷ, ಮೇಡಂ."

ಯಜಮಾನಿ ಆ ಬಾಗಿಲನ್ನೊಮ್ಮೆ ನೋಡಿದಳು. ಆಮೇಲೆ ಅಡುಗೆಯವನ ಕಡೆ ತಿರುಗಿದಳು. "ಸೋಮವಾರದೊಳಗೆ ತೊಟ್ಟಿ ಕೆಲಸಕ್ಕೆ ಬೇರೆ ಯಾರನ್ನಾದ್ರೂ ಹುಡುಕಿ. ಇವರು ಈಚೆ ಬರ್ತಿದಾರೆ."

ಪಾತ್ರೆ ಅಕ್ಕ ಗಿರಾಕಿಯ ಕುರ್ಚಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡು ಗಳಗಳ ಅತ್ತುಬಿಟ್ಟಳು.