ಎರಡು ಸಿಲಿಂಡರಿನದ್ದು

ಅರವತ್ತೆರಡನೇ ಇಸವಿ. ಮಡದಿ ಬೀಫಾತಿಮ್ಮ ತೀರಿಕೊಂಡ ಹನ್ನೆರಡನೇ ದಿನ ಮೋನಬ್ಬ ಬಂದರಿನಲ್ಲಿದ್ದ ನೋಣಯ್ಯನ ಯಂತ್ರದಂಗಡಿಗೆ ಹೋದ. ಲಾರಿಚಕ್ರದ ರಿಮ್ಮುಗಳಿಗೆ ಮರಳು ಊದಿ ತುಕ್ಕು ತೆಗೆಯಲು ಅವನಿಗೊಂದು ಏರ್ ಕಂಪ್ರೆಸರ್ ಬೇಕಿತ್ತು. ಬರುತ್ತೇನೆಂದು ತಿಂಗಳ ಹಿಂದೆಯೇ ಹೇಳಿದ್ದ. ಅದಕ್ಕೇ ಹೋದ, ಅಷ್ಟೆ.

ನೋಣಯ್ಯನಿಗೆ ಸಾವಿನ ಸುದ್ದಿ ಗೊತ್ತಿರಲಿಲ್ಲ. ಉತ್ಸಾಹದಿಂದಲೇ ಒಂದು ಸಿಲಿಂಡರಿನ ಸಣ್ಣ ಕಂಪ್ರೆಸರ್ ಚಾಲು ಮಾಡಿ, ತುಕ್ಕು ಹಿಡಿದ ಹಳೆಯ ರಿಮ್ಮೊಂದನ್ನು ಮುಂದಿಟ್ಟು, ಮರಳು ಊದುವ ಕೊಳವೆಯನ್ನು ಮೋನಬ್ಬನ ಕೈಗಿತ್ತ. ಅಂಗೈಯಗಲ ತುಕ್ಕು ಹೋಗುವಷ್ಟರಲ್ಲಿ ಒತ್ತಡ ಇಳಿದು ಮರಳು ಕಾಲ ಬಳಿ ಸುಮ್ಮನೆ ಉದುರತೊಡಗಿತು.

"ಟ್ಯಾಂಕಿ ದೊಡ್ಡದೇ ಉಂಟು. ಆದರೆ ಗಾಳಿ ತುಂಬುವುದಕ್ಕಿಂತ ಬೇಗ ಖಾಲಿಯಾಗ್ತದೆ. ನಿಮಗೆ ಎರಡು ಸಿಲಿಂಡರಿನದ್ದೇ ಆಗಬೇಕು," ಎಂದ ನೋಣಯ್ಯ.

ಅವನು ಚಾಲು ಮಾಡಿಕೊಟ್ಟ ಆ ದೊಡ್ಡ ಯಂತ್ರ ಒಂದೇ ಸಮನೆ ಊದಿತು. ಮೋನಬ್ಬ ಎಡಗೈಯಲ್ಲಿ ರಿಮ್ಮು ಹಿಡಿದು, ಕಬ್ಬಿಣ ಬೆಳ್ಳಗಾಗುವುದನ್ನು ನೋಡುತ್ತಲೇ ಇದ್ದ. ನೋಣಯ್ಯ ಓಡಿಬಂದು ಯಂತ್ರ ನಿಲ್ಲಿಸಿದ.

"ಎಂತ ಮಾರಾಯ್ರೇ! ಮರಳು ನಿಮ್ಮ ಕೈಗೇ ಹೊಡೀತಾ ಉಂಟಲ್ಲ! ನೋವಾಗ್ಲಿಲ್ವಾ?"

ಬೆರಳ ಗೆಣ್ಣುಗಳ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು. ಮೋನಬ್ಬ ಅದನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದ.

"ಇಲ್ಲ," ಎಂದ. ಕೊಳವೆಯನ್ನು ಕೆಳಗಿಟ್ಟು, "ನಮ್ಮ ಮನೆಯವಳು ತೀರಿಕೊಂಡಳು," ಎಂದ.

ನೋಣಯ್ಯ ನೀರು ತಂದು ಕೈ ತೊಳೆಸಿ ಬಟ್ಟೆ ಸುತ್ತಿದ. ಆಮೇಲೆ ಮೆಲ್ಲಗೆ, "ಯಂತ್ರ ಇನ್ನೊಂದು ದಿನ ನೋಡುವ, ಆಗದಾ?" ಎಂದ.

"ಬೇಡ ನೋಣಯ್ಯಣ್ಣ. ಇದೇ ಆದೀತು. ನಾಳೆ ಕಳಿಸಿ."

ಬಸ್ಸಿನಲ್ಲಿ ಕೂತ ಮೇಲೂ ಕೈ ಉರಿಯಲಿಲ್ಲ. ಉರಿಯಲಿ ಎಂದು ಅವನು ಬಟ್ಟೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿದ.